ಹೊರದಾರಿ ಇಲ್ಲದ ವೃತ್ತ

ಸುತ್ತಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಫೋನಿನಲ್ಲಿ ದಾರಿ ತೋರಿಸುವ ನಕ್ಷೆ ಇದೆಯಲ್ಲ, ಅದರೊಳಗಿನ ರಸ್ತೆವೃತ್ತಗಳನ್ನೆಲ್ಲ ಯಂತ್ರ ತಾನೇ ಪರೀಕ್ಷಿಸುತ್ತದೆ. ಉಂಗುರ ಪೂರ್ತಿ ಕೂಡಿಲ್ಲ, ತಿರುಗುವ ದಿಕ್ಕು ತಪ್ಪಿದೆ, ಒಳಹೊಕ್ಕವನಿಗೆ ಹೊರದಾರಿ ಇಲ್ಲ ಎಂದೆಲ್ಲ ದೂರು ಕೊಡುತ್ತದೆ. ದೂರು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವವರು ಅವನು ಮತ್ತು ಪಕ್ಕದ ಕುರ್ಚಿಯ ನಾನು. ಮನೆಯಲ್ಲಿ ನನ್ನ ತೀರ್ಪನ್ನು ಯಾರೂ ಕೇಳದ ಕಾರಣ ನನಗೆ ಈ ಕೆಲಸ ಬಲು ಇಷ್ಟ.

ಸುತ್ತಣ್ಣ ಮಾತ್ರ ಯಂತ್ರವನ್ನು ನಂಬುವವನಲ್ಲ. “ಇದು ಮಾವನ ಮನೆಗೆ ಬಂದ ಅಳಿಯನ ಥರ ಕಣಯ್ಯಾ. ಏನು ಬಡಿಸಿದ್ರೂ ಮುಖ ಸಿಂಡರಿಸುತ್ತೆ,” ಎನ್ನುತ್ತ ‘ಸುಳ್ಳು ದೂರು’ ಗುಂಡಿ ಒತ್ತುತ್ತಿದ್ದ.

ಅವನ ಹೆಂಡತಿಗೆ ಮರೆವಿನ ಕಾಯಿಲೆ. ಒಂದೊಂದೇ ನೆನಪು ಉದುರಿ, ಕೊನೆಗೆ ಉಳಿದದ್ದು ಒಂದೇ ದಾರಿ: ಸರ್ಕಲ್ ಸುತ್ತಿ ಮೂರನೇ ರಸ್ತೆ, ಅಲ್ಲೇ ಮನೆ. ಅಷ್ಟರಲ್ಲಿ ನಗರಪಾಲಿಕೆಯವರು ಆ ಸರ್ಕಲನ್ನೇ ಕಿತ್ತು ಸಿಗ್ನಲ್ ಕಂಬ ನೆಟ್ಟರು. ನಕ್ಷೆಯಿಂದ ಅದನ್ನು ಅಳಿಸುವ ಕೆಲಸ ಸುತ್ತಣ್ಣನ ಪಾಲಿಗೇ ಬಂತು. ಅಳಿಸಿದ. ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ. ನಾನೊಬ್ಬ ಪೆದ್ದ, “ಡಯಟ್ಟಾ?” ಎಂದು ಕೇಳಿದೆ.

ಸ್ವಲ್ಪ ದಿನಕ್ಕೆ ನನ್ನ ಕಂಪ್ಯೂಟರಿಗೆ ದೂರು ಬಂತು: ‘ಇಲ್ಲಿ ವೃತ್ತ ಬಿಟ್ಟುಹೋಗಿರಬಹುದು.’ ಯಾವುದೋ ಫೋನು ಸಾಗಿದ ಹಾದಿ ಅದೇ ಸಿಗ್ನಲ್ ಬಳಿ ಉಂಗುರದ ಹಾಗೆ ಗೆರೆ ಎಳೆದು, ಮೂರನೇ ರಸ್ತೆಗೆ ಇಳಿದಿತ್ತು. ದಿನಾ ಸಂಜೆ ಇದೇ ಗೆರೆ.

“ಯಾರಪ್ಪಾ ಈ ಪುಣ್ಯಾತ್ಮ?” ಎಂದೆ.

“ನಾನೇ,” ಎಂದ ಸುತ್ತಣ್ಣ. “ಅವಳ ಕೈ ಹಿಡ್ಕೊಂಡು ರಸ್ತೆ ರಸ್ತೆ ದಾಟಿ ಸುತ್ತು ಹಾಕ್ತೀನಿ. ನೆಟ್ಟಗೆ ಕರ್ಕೊಂಡು ಹೋದ್ರೆ ಗೇಟೊಳಗೆ ಕಾಲಿಡಲ್ಲ. ಸುತ್ತಿದ್ರೆ, ‘ಬಂತು ನೋಡ್ರೀ ನಮ್ಮನೆ’ ಅಂತಾಳೆ. ಸಿಗ್ನಲ್ ಪೊಲೀಸಪ್ಪ ನಮಗೆ ಗಡಿಯಾರದ ಮುಳ್ಳುಗಳು ಅಂತ ಹೆಸರಿಟ್ಟಿದ್ದಾನೆ.”

“ಈ ದೂರಿಗೇನು ಮಾಡ್ಲಿ?”

“ಸುಳ್ಳು ದೂರು. ಒತ್ತು.”

ಒತ್ತಿದೆ. ಆಮೇಲೆ ದಿನಾ ಬೆಳಿಗ್ಗೆ ಅದೇ ದೂರು, ಅದೇ ಗುಂಡಿ. ಟೀಗಿಂತ ಮೊದಲು ಆ ಉಂಗುರವನ್ನು ಹುಡುಕುವ ಚಟ ಹತ್ತಿತು. ಕಂಡರೆ ಸಮಾಧಾನ: ನಿನ್ನೆಯೂ ಅತ್ತಿಗೆ ಮನೆ ಸೇರಿದರು.

ಮೊನ್ನೆಯ ದೂರು ಬೇರೆ. ಉಂಗುರದ ಮೇಲೆ ಉಂಗುರ, ಸಿಕ್ಕುಬಿದ್ದ ನೂಲಿನ ಹಾಗೆ. ಮೂರನೇ ರಸ್ತೆಗೆ ಗೆರೆ ಇಳಿದೇ ಇರಲಿಲ್ಲ. ಕೆಳಗೆ ಯಂತ್ರ ಬರೆದಿತ್ತು: ‘ಹೊರದಾರಿ ಇಲ್ಲ.’

ಸುತ್ತಣ್ಣ ನನ್ನ ಹಿಂದೆ ಬಂದು ನಿಂತ.

“ಮೂರನೇ ರಸ್ತೆ ಬಂದಾಗೆಲ್ಲ ‘ಇದಲ್ಲ, ಇನ್ನೊಂದು ಸುತ್ತು’ ಅಂದ್ಲು. ಸುತ್ತಿದ್ವಿ. ಫೋನಿನ ಚಾರ್ಜೇ ಮುಗೀತು, ನಾವು ಸುತ್ತುತ್ತಾನೇ ಇದ್ವಿ. ಕೊನೆಗೆ ನನ್ನ ಮುಖ ನೋಡಿ, ‘ಪಾಪ, ಎಷ್ಟು ನಡೆದ್ರಿ ನೀವು! ನಿಮ್ಮನೇಲಿ ಕಾಯ್ತಿರ್ತಾರಲ್ವಾ?’ ಅಂದ್ಲು.”

ಅಭ್ಯಾಸಬಲದಿಂದ ನನ್ನ ಬೆರಳು ‘ಸುಳ್ಳು ದೂರು’ ಗುಂಡಿಯತ್ತ ಹೋಯಿತು. ಅವನು ಮೆಲ್ಲಗೆ ನನ್ನ ಕೈ ಹಿಡಿದುಕೊಂಡ.

“ಬೇಡ ಕಣಯ್ಯಾ. ಈ ಸಲ ಅದು ನಿಜ ಹೇಳಿದೆ.”