ಚೀಟಿಯಲ್ಲಿ ಬಿಟ್ಟುಹೋದ ಅಕ್ಷರ

ಶಾರದಕ್ಕ, ಅವತ್ತು ನೀವು ಏನನ್ನೂ ಕೆಡಿಸಿರಲಿಲ್ಲ. ತಪ್ಪು ನನ್ನದು. ನನ್ನದೆಂದು ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ — ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

ಹಿಂದೂಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನನ್ನು ಕಲ್ಯಾಣದುರ್ಗದ ಆ ರಕ್ತಪರೀಕ್ಷೆಯ ಲ್ಯಾಬಿಗೆ ಕರೆಸಿದ್ದರು. ಒಳಕೋಣೆಯ ಕಂಪ್ಯೂಟರಿನಲ್ಲಿ ಲಿನಕ್ಸ್, ರಿಪೋರ್ಟು ಕೊಡುವ ನಿಮ್ಮ ಮೇಜಿನ ಮೇಲಿನದರಲ್ಲಿ ವಿಂಡೋಸ್. ಒಳಗಿನ ರಿಪೋರ್ಟು ನಿಮ್ಮ ಮೇಜಿಗೆ ಬರುವಂತೆ ಎರಡನ್ನೂ ಜೋಡಿಸಬೇಕಿತ್ತು. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದೆ. ಯಜಮಾನರು ತೆಲುಗಿನಲ್ಲಿ, "ಮನ ಊರಿ ಪೇರೇ ಪೆಟ್ಟಪ್ಪಾ, ಕಲ್ಯಾಣದುರ್ಗಂ" ಎಂದರು, ನಮ್ಮೂರ ಹೆಸರೇ ಇಡಪ್ಪ ಅಂತ. ಅವರ ಬಾಯಲ್ಲಿ ಬಂದಂತೆಯೇ, ಕೊನೆಗೊಂದು 'ಎಂ' ಸೇರಿಸಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ನಾನೇ ಒತ್ತಿ ನೋಡಿದಾಗ ಎಲ್ಲಾ ಸರಿಯಿತ್ತು. ಆಮೇಲೆ ನಿಮಗೆ ಚೀಟಿ ಬರೆದುಕೊಡುವಾಗ ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಕನ್ನಡದ ಬಾಯಿಗೆ ಅದು ಕಲ್ಯಾಣದುರ್ಗ ತಾನೆ? ಚೀಟಿಯಲ್ಲಿ 'ಎಂ' ಬಿಟ್ಟುಹೋಯಿತು.

ಮಾರನೆಯ ದಿನದಿಂದ ಎರಡು ಕಂಪ್ಯೂಟರುಗಳೂ ಮಾತು ಬಿಟ್ಟವು. ನೀವು ರಿಪೋರ್ಟುಗಳನ್ನೆಲ್ಲ ಕೈಯಲ್ಲೇ ಬರೆದುಕೊಟ್ಟಿರಂತೆ. ಮೂರನೆಯ ದಿನ ನಾನು ಬಂದೆ. ಕೇಬಲ್ ಸರಿಯಿತ್ತು, ಒಂದು ಕರೆದರೆ ಇನ್ನೊಂದು ಓಗೊಡುತ್ತಿತ್ತು. ಪಾಸ್‌ವರ್ಡ್ ಮಾತ್ರ ಒಪ್ಪುತ್ತಿರಲಿಲ್ಲ.

"ಚೀಟಿ ನೋಡ್ಕಂಡೇ ಒತ್ತಿದ್ದೀನಿ ಕಣಪ್ಪ, ಒಂದಕ್ಷರನೂ ತಪ್ಪಿಲ್ಲ" ಎಂದಿರಿ.

ಚೀಟಿ ನೋಡಿದೆ — ಕೊನೆಯ 'ಎಂ' ಇರಲಿಲ್ಲ.

ಅದೇ ಹೊತ್ತಿಗೆ ಯಜಮಾನರು ಬಂದು ನಿಂತರು. "ಎವರು ಚೆಡಗೊಟ್ಟಿಂದಿ?" ಯಾರು ಕೆಡಿಸಿದ್ದು — ಅವರಿಗೆ ಬೇಕಿದ್ದದ್ದು ಒಂದು ಹೆಸರು. ಒಂದಕ್ಷರ ತಪ್ಪಿದವನು ನಾನು ಎನ್ನುವುದಕ್ಕೆ ಇಷ್ಟು ದೊಡ್ಡ ಜಂಬ ಅಡ್ಡ ಬರುತ್ತದೆಂದು ನನಗೇ ಗೊತ್ತಿರಲಿಲ್ಲ...

"ಅಕ್ಕ ಏನೋ ಒತ್ತಿಬುಟ್ಟವ್ರೆ ಸಾರ್, ಸೆಟ್ಟಿಂಗೆಲ್ಲಾ ಹೋಗ್ಬುಟ್ಟೈತೆ."

ಚೀಟಿಯನ್ನು ಜೇಬಿಗಿಳಿಸಿದೆ. ಎರಡು ನಿಮಿಷದ ಕೆಲಸವನ್ನು ಒಂದು ಗಂಟೆ ಎಳೆದೆ, ನಿಮ್ಮ ಮುಖ ನೋಡದೆ. ನೀವು ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ. ಕಂಬದೂರಿನಿಂದ ದಿನಾ ಬಸ್ಸಿನಲ್ಲಿ ಬಂದು, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವರು ನೀವು. "ನಾನೇ ಏನೋ ಮಾಡಿರ್ಬೈದು ಬುಡಪ್ಪ" ಎಂದುಬಿಟ್ಟಿರಿ. ಮುಂದಿನ ಸಲ ಬಂದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು, ನೀವು ಒಳಗೆ ಸೀಸೆ ತೊಳೆಯುತ್ತಿದ್ದಿರಿ. ನನ್ನನ್ನು ಕಂಡು ನಕ್ಕು, ಊಟ ಆಯಿತೇ ಎಂದು ಕೇಳಿದಿರಿ. ಆಯಿತು ಎಂದೆ. ಅಷ್ಟೇ ಹೇಳಿದೆ.

ಹೋದ ವಾರ ಹಿಂದೂಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ. ಮಗಳಿಗೆ ಒಂದು ಫೋಟೋ ಕಳಿಸಬೇಕಿತ್ತು. ಫೋನನ್ನು ನನ್ನ ಕೈಗಿಟ್ಟಿರಿ.

"ನೀನೇ ಒತ್ತಪ್ಪ. ನಾನ್ ಒತ್ತಿದ್ರೆ ಕೆಟ್ಟೋಯ್ತದೆ, ನಿಂಗೊತ್ತಲ್ಲ."

ಗೊತ್ತು ಅಕ್ಕ. ನನಗೊಬ್ಬನಿಗೇ ಗೊತ್ತು. ಆಗಲೂ — ಫೋಟೋ ಕಳಿಸಿ, ಫೋನು ಕೊಟ್ಟು, ಸುಮ್ಮನೆ ಬಂದುಬಿಟ್ಟೆ. ಒಬ್ಬ ಹೆಂಗಸಿನ ಕೈಗೆ ತನ್ನ ಮೇಲೇ ನಂಬಿಕೆ ಹೋಗುವಂತೆ ಮಾಡಿದವನು ನಾನು. ನಾಚಿಕೆಯಾಗುತ್ತದೆ.

ಚೀಟಿ ಇನ್ನೂ ನನ್ನ ಹತ್ತಿರ ಇದೆ. ನಾಳೆ ಕಲ್ಯಾಣದುರ್ಗಕ್ಕೆ ಹೋಗಿ ಯಜಮಾನರು ಅವತ್ತು ಕೇಳಿದ ಪ್ರಶ್ನೆಗೆ ನನ್ನ ಹೆಸರು ಹೇಳುತ್ತೇನೆ. ಅಲ್ಲಿಂದ ನೇರ ಕಂಬದೂರಿಗೆ, ನಿಮ್ಮ ಮನೆಗೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಚೀಟಿಯನ್ನು ನಿಮ್ಮ ಕೈಗೆ ಕೊಡುತ್ತೇನೆ, ನೀವೇ ಓದಿ ನೋಡಿ. ನೀವು ಒತ್ತಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.