ಕೋಡಿಯ ನಡುಗಲ್ಲು

ದಸರೆಯ ರಜೆಯಲ್ಲಿ ಬಳ್ಳಾರಿಯಿಂದ ಹೊರಟು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಆದೋನಿಯಲ್ಲಿ ಇಳಿದಾಗ ಸಣ್ಣಗೆ ಹನಿ ಬೀಳುತ್ತಿತ್ತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಶರಣಪ್ಪ ಶೇಂಗಾ ಮಾರಲು ಅಲ್ಲಿಗೆ ಬಂದಿದ್ದ. ನನ್ನನ್ನು ಹೊಳಗುಂದದ ಬಸ್ಸು ಹತ್ತಿಸಿ, "ನೀ ಮುಂದ ನಡಿಯಪ್ಪ. ಮನ್ಯಾಗ ಅವ್ವ ಅದಾಳ. ಮಾಲು ಹೋಗ್ಲಿ, ನಾಳೆ ಸಂಜಿಗೆ ನಾನೂ ಬರ್ತೀನಿ" ಎಂದ. ಟಿಕೆಟು ಎಂಟಾಣೆ. ಬಸ್ಸಿಳಿದು ಎರಡು ಮೈಲಿ ಎರೆಮಣ್ಣಿನಲ್ಲಿ ನಡೆಯುವಷ್ಟರಲ್ಲಿ ಬೂಟುಗಳು ಎತ್ತಲಾರದಷ್ಟು ಭಾರವಾದವು. ಬಿಚ್ಚಿ ಕೈಯಲ್ಲಿ ಹಿಡಿದೆ.

ಅವನ ಊರು ಕೆರೆಯ ಏರಿಯ ಕೆಳಗೇ ಇದೆ. ಸುತ್ತಲೂ ಜೋಳ, ಹತ್ತಿ; ಇಲ್ಲಿ ಮಾತ್ರ ಭತ್ತ. ಶರಣಪ್ಪನ ತಾಯಿ ಗೌರಮ್ಮ ರೊಟ್ಟಿ, ಪುಂಡಿ ಪಲ್ಯ ಬಡಿಸುತ್ತ ಅದು ಹೇಗೆಂದು ತಿಳಿಸಿದರು. ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೆ ಹನ್ನೊಂದು ಮನೆಯವರು ಮನೆಗೊಂದು ಚಪ್ಪಡಿ ನಿಲ್ಲಿಸಿ ಮಣ್ಣು ಮೆತ್ತುತ್ತಾರೆ. ಕೆರೆ ಒಂದು ಮೊಳ ಹೆಚ್ಚು ತುಂಬಿ ಇನ್ನೊಂದು ಬೆಳೆಗೆ ನೀರಾಗುತ್ತದೆ. ಯಾರ ಕಲ್ಲನ್ನು ಅವರ ಮನೆಯವರೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ನಡುಗಲ್ಲು ಇವರ ಮನೆಯದು. ಉಳಿದವೆಲ್ಲ ಎರಡೂ ಕಡೆಯಿಂದ ಅದಕ್ಕೆ ಒತ್ತಿ ನಿಂತಿರುವುದರಿಂದ ಅದನ್ನೇ ಮೊದಲು ಕೀಳಬೇಕು.

ಆ ರಾತ್ರಿ ಮಳೆ ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನ ಏರಿಯ ಅಂಚು ಮುಟ್ಟಲು ನೀರಿಗೆ ಒಂದು ಗೇಣು ಉಳಿದಿತ್ತು. ತೂಬು ನೋಡಿಕೊಳ್ಳುವ ನೀರುಗಂಟಿ ತಿಮ್ಮಪ್ಪ ನನ್ನನ್ನು ಏರಿಯ ಹಿಂಬದಿಗೆ ಕರೆದು ತೋರಿಸಿದ. ಹುಲ್ಲಿನ ಬುಡದಿಂದ ಕೆಸರುನೀರು ಬೆರಳು ದಪ್ಪ ಬರುತ್ತಿತ್ತು. ಅದರ ನೇರ ಕೆಳಗೆ ಮನೆಗಳು. ಒಂದರಲ್ಲಿ ಯಾರೋ ಒಲೆ ಹಚ್ಚಿದ್ದರು.

ತೂಬು ಪೂರ್ತಿ ತೆರೆದಾಗಿತ್ತು. ಕೋಡಿಯ ಬಳಿ ಊರೇ ನಿಂತಿದ್ದರೂ ಯಾರೂ ಕಲ್ಲಿಗೆ ಕೈ ಹಾಕಲಿಲ್ಲ.

"ಶರಣಪ್ಪ ಸಂಜಿ ಬಸ್ಸಿಗೆ ಬರ್ತಾನ" ಎಂದ ಒಬ್ಬ.

"ಸಂಜಿತನಕ ಏರಿ ಕಾಯತೈತೇನು?" ಎಂದ ತಿಮ್ಮಪ್ಪ.

"ಹಂಗಾರ ನೀನ ಕೀಳು. ನಾಳೆ ನೀರಿಲ್ದ ಎಲ್ಲಾರ ಗದ್ದಿ ಒಣಗಿದ್ರ ಜವಾಬೂ ನೀನ ಕೊಡು."

ಒಬ್ಬ ಮುದುಕ ನನ್ನತ್ತ ತಿರುಗಿದ. "ಆ ಮನ್ಯಾಗ ಉಂಡೀರಿ. ಮಗನ ಬದಲಿ ನೀವ ಕೈ ಹಚ್ಚರಿ. ಯಾರೂ ಬ್ಯಾಡ ಅನ್ನಂಗಿಲ್ಲ."

"ನನಗ ಈಸು ಬರಂಗಿಲ್ಲ" ಎಂದೆ.

"ಸೊಂಟಕ್ಕ ಹಗ್ಗ ಕಟ್ತೀವಲ್ರಿ. ಬಿ.ಎ. ಓದಿದವರು ನೀರಾಗ ಕರಗ್ತಾರೇನು?"

ಯಾರೋ ನಕ್ಕರು. ತಿಮ್ಮಪ್ಪ ಹಗ್ಗವನ್ನು ನಿಜಕ್ಕೂ ನನ್ನ ಮುಂದೆ ಹಿಡಿದ. ಚಪ್ಪಡಿಗಳ ಆಚೆ ಎರಡಾಳು ಕೆಳಗೆ ಬಂಡೆಗಳಿದ್ದವು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಿದ್ದೆಯಲ್ಲಿ ಈಗಲೂ ಸರಿಯುತ್ತೇನೆ.

ಗುಂಪು ಸೀಳಿಕೊಂಡು ಗೌರಮ್ಮ ಬಂದರು. ಕಚ್ಚೆ ಬಿಗಿದಿದ್ದರು, ಕೈಯಲ್ಲಿ ಹಾರೆಯಿತ್ತು. "ಕಲ್ಲು ನಮ್ಮ ಮನಿದು. ನಾ ಆ ಮನಿಯಾಕಿ ಹೌದಲ್ಲ?"

"ಪರವಾಲೇದಮ್ಮಾ, ಏನೂ ಆಗಂಗಿಲ್ಲ, ಹಗ್ಗ ನಾ ಹಿಡದೀನಿ" ಎಂದು ತಿಮ್ಮಪ್ಪ ಅವರ ಸೊಂಟಕ್ಕೆ ಕಟ್ಟಿದ.

ತೊಡೆಮಟ್ಟದ ನೀರಿನಲ್ಲಿ ಅವರು ಕೋಡಿಯ ಗೋಡೆಯನ್ನು ಕಾಲಿನಿಂದ ತಡವುತ್ತ ನಡೆದರು. ಹಾರೆ ತೂರಿಸಿ ಮೂರು ಸಲ ಮೀಟಿದರು. ನಡುಗಲ್ಲು ಉರುಳಿತು, ಹಿಂದೆಯೇ ಉಳಿದವು ಒಂದೊಂದಾಗಿ ಬಿದ್ದ ಸದ್ದು. ನೀರು ಅವರ ಕಾಲನ್ನು ಕಿತ್ತಿತು. ಹಗ್ಗ ಬಿಗಿದ ಜಗ್ಗಾಟಕ್ಕೆ ತಿಮ್ಮಪ್ಪ ಮಂಡಿಯೂರಿ ಅಂಚಿನತ್ತ ಜಾರತೊಡಗಿದ. ಆಗ ನಾನೂ ಹಗ್ಗ ಹಿಡಿದೆ. ಅಂಗೈ ಸುಲಿಯಿತು. ಮತ್ತೆ ನಾಲ್ವರು ಬಂದರು.

ಎಳೆದು ತಂದಾಗ ಗೌರಮ್ಮನ ಹಣೆ ಒಡೆದಿತ್ತು, ಎಡಗೈ ಎತ್ತಲಾಗುತ್ತಿರಲಿಲ್ಲ. "ಇಳೀತೈತೇನು?" ಎಂದಷ್ಟೇ ಕೇಳಿದರು. ಇಳಿಯುತ್ತಿತ್ತು.

ಆ ಮನೆಯಲ್ಲಿ ಇನ್ನೊಮ್ಮೆ ಊಟಕ್ಕೆ ಕೂರಲಾರದೆ, ಸಂಜೆ ರಸ್ತೆಗೆ ನಡೆದೆ. ಬಸ್ಸಿನಿಂದ ಶರಣಪ್ಪ ಇಳಿದ. "ಇವತ್ತ ಹೊಂಟಿ? ಮಳಿ ಹೆಂಗಿತ್ತು?"

"ಏರಿ ಉಳೀತು. ನಡುಗಲ್ಲು ನಿಮ್ಮವ್ವ ಕಿತ್ತಳು. ಪೆಟ್ಟಾಗೈತಿ, ಜೀವಕ್ಕೇನಿಲ್ಲ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀ ಎಲ್ಲಿದ್ದಿ?"

"ದಂಡಿ ಮ್ಯಾಲ."

ನಾನು ಹತ್ತಿದೆ. ಬಸ್ಸು ತಿರುಗಿಕೊಂಡು ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಶರಣಪ್ಪ ಚಪ್ಪಲಿಗಳನ್ನು ರಸ್ತೆಯಲ್ಲೇ ಬಿಟ್ಟು, ಕೆಸರಿನಲ್ಲಿ ಓಡುತ್ತಿದ್ದ.