ಚಪ್ಪಟೆಯಾದ ಪೈಪಿಗೆ ಹಳದಿ ಬಣ್ಣ

ಗೆಳೆಯರೇ, ಇವತ್ತು ಬೆಳಿಗ್ಗೆ ಕನಕಪುರದ ನಮ್ಮ ವೆಲ್ಡಿಂಗ್ ಶಾಪಿಗೆ ಕ್ವಾರಿ ಮೇಸ್ತ್ರಿ ಶಿವಣ್ಣ ಜೀಪು ತಂದ. ಕಲ್ಲು ಒಡೆಯುವ ಹೆಂಗಸರನ್ನು ಕರೆದೊಯ್ಯುವ ಜೀಪು. ಮಗುಚಿದರೆ ಅವರ ತಲೆ ಉಳಿಯುವಂತೆ ಮೇಲೆ ಪೈಪಿನ ಕಮಾನು ಬೇಕು. ನನ್ನ ಬೆಂಡಿಂಗ್ ಮಿಷನ್ನಿನಲ್ಲಿರುವುದು ನೀರಿನ ಪೈಪಿನ ಡೈ, ಅಂದರೆ ಪೈಪು ಕೂರಿಸಿ ಬಗ್ಗಿಸುವ ಅಚ್ಚು. ಅವನ ಪೈಪು ಅದಕ್ಕಿಂತ ಸಣ್ಣದು. ಬಗ್ಗಿಸಿದ ಕಡೆ ಚಪ್ಪಟೆಯಾಯಿತು.

“ಇದು ತಡೆಯಾಕಿಲ್ಲ ಶಿವಣ್ಣ. ಸರಿಯಾದ ಡೈ ತರಿಸ್ತೀನಿ, ಎರಡು ದಿನ ತಡ್ಕೊ.”

“ನಾಳೆ ಆಫೀಸರು ಬತ್ತಾರೆ ಕಣ್ಲಾ. ಕಮಾನು ಐತಾ ಅಂತ ನೋಡ್ತಾರೆ, ಅಷ್ಟೇಯ. ಪುಟ್ಟಿ ಮೆತ್ತಿ ಬಣ್ಣ ಹೊಡ್ದುಬುಡು.”

ಆಗುವುದಿಲ್ಲ ಎಂದೆ. ಅದೇ ಪೈಪು ಎತ್ತಿಕೊಂಡು ಪಕ್ಕದ ಶಾಪಿಗೆ ಹೋದ.

ಸಂಜೆ ಅದೇ ಜೀಪು ಹೆಂಗಸರನ್ನು ತುಂಬಿಕೊಂಡು ನಮ್ಮ ಮುಂದೆ ನಿಂತಿತು. ಒಬ್ಬಳು ಹಳದಿ ಕಮಾನು ಹಿಡಿದು ನಕ್ಕಳು. “ಇನ್ನು ಭಯ ಇಲ್ಲ ಅಲ್ವೇನಣ್ಣ?”

ನಿಜ ಹೇಳಲು ಬಾಯಿ ಬರಲಿಲ್ಲ. “ಬಣ್ಣ ಹಸಿ ಐತೆ, ಅದನ್ನ ನೆಚ್ಕೊಂಡು ಕೂರ್ಬೇಡಕ್ಕ” ಅಂದೆ. ಅವಳು ಕೈ ಒರೆಸಿಕೊಂಡಳು.